ಹೆಳವ ಓದಿದ ಹೆಸರು

ನಮ್ಮ ತವರಿನ ಅಡ್ಡಹೆಸರು ಮೂರು ಕಾಗದಗಳಲ್ಲಿ ಮೂರು ಥರ ಇದೆ. ಅಪ್ಪನ ಹೊಲದ ಹಳೇ ಕಾಗದದಲ್ಲಿ ನಿಜಾಮರ ಕಾಲದ ಗುಮಾಸ್ತ ಉರ್ದುವಿನಲ್ಲಿ ಗೀಚಿದ್ದನ್ನು ಬಲ್ಲವರಿಂದ ಓದಿಸಿದರೆ ‘ಬೇಂಗಿಡಾ’ ಎಂದಾಗುತ್ತದೆ. ತಮ್ಮನ ಶಾಲೆಯ ಸರ್ಟಿಫಿಕೇಟಿನಲ್ಲಿ ‘ಬೇವಿನಗಿಡದ’ ಎಂದಿದೆ. ತಮ್ಮನ ಮಗನ ಬ್ಯಾಂಕಿನ ಪುಸ್ತಕದಲ್ಲಿ ಬರೀ ‘ಬೇವಿನ್’. ಗಿಡವನ್ನೇ ಕಡಿದು ಹಾಕಿದ್ದಾನೆ ಮಹಾರಾಯ.

ಹೋದ ತಿಂಗಳು ಅವನೇ ಬಂದು, “ಅತ್ತಿ, ಇದರಾಗ ಖರೇ ಹೆಸರು ಯಾವುದು? ಎಲ್ಲಾ ಒಂದೇ ಥರ ಮಾಡಿಸಬೇಕಾಗ್ಯದ” ಅಂದ. “ನದಿ ಮೂಲ, ಋಷಿ ಮೂಲ ಕೇಳಬಾರದಪ್ಪಾ, ಮನಿಹೆಸರಿನ ಮೂಲನೂ ಕೇಳಬ್ಯಾಡ. ನಿನಗ ಚಂದ ಕಂಡದ್ದು ಇಟ್ಕೋ” ಅಂದೆ. ಮುದುಕಿಗೆ ಅರಳು ಮರಳು ಎಂದುಕೊಂಡು ನಕ್ಕು ಹೋದ. ನನಗೆ ಮೂಲ ಚೆನ್ನಾಗಿ ಗೊತ್ತು. ಆ ಹೆಸರಿನ ಮೂಲ ಹುಡುಕಿದ್ದಕ್ಕೇ ನಮ್ಮಕ್ಕನ ಮದುವೆ ಮುರಿಯಿತು. ಹುಡುಕಿಸಿದವಳು ನಾನು. ಈಗ ಇದನ್ನು ಬರೆದರೆ ನೋಯುವವರು ನನ್ನನ್ನು ಬಿಟ್ಟು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮಾನವಿಯವರು. ಮನೆ ಮುಂದೆ ಒಂದು ದೊಡ್ಡ ಬೇವಿನ ಗಿಡ ಇತ್ತು, ಅದರಿಂದ ಊರವರಿಗೆ ನಾವು ಬೇವಿನಗಿಡದವರು. ನಮ್ಮಜ್ಜನ ಅಪ್ಪ ಎಲ್ಲಿಂದಲೋ ಬಂದು ಈ ಮನೆಗೆ ಮನೆ ಅಳಿಯನಾಗಿ ಸೇರಿದನಂತೆ. ತನ್ನ ಊರು ಯಾವುದು, ಹಿಂದಿನ ಹೆಸರು ಯಾವುದು ಎಂದು ಯಾರಿಗೂ ಬಾಯಿ ಬಿಡಲಿಲ್ಲ. ಹೆಂಡತಿಯ ಮನೆದೇವರನ್ನೇ ತನ್ನ ದೇವರು ಮಾಡಿಕೊಂಡ, ಅವಳ ಮನೆಯ ಗಿಡವನ್ನೇ ಹೆಸರು ಮಾಡಿಕೊಂಡ. ಅವನಿಗೆ ಒಬ್ಬನೇ ಮಗ, ನಮ್ಮಜ್ಜ.

ಅಜ್ಜನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಅವನಿಗೆ ಜೀವನದಲ್ಲಿ ಇದ್ದ ಒಂದೇ ಶೋಕಿ ಎಂದರೆ ಹೆಳವ ಬಂದು ವಂಶಾವಳಿ ಓದುವುದನ್ನು ಕೇಳುವುದು. ನಮ್ಮ ಕಡೆಯ ಹೆಳವರನ್ನು ಈಗಿನವರು ನೋಡಿರಲಿಕ್ಕಿಲ್ಲ. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಮ್ಮೆ, ಸುಗ್ಗಿ ಮುಗಿದು ಕಣದ ಜೋಳ ಮನೆ ಸೇರಿದ ಮೇಲೆ, ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ಯಾವ ಮನೆತನ ಎಲ್ಲಿ ಹುಟ್ಟಿತು, ಯಾವ ಊರಿಗೆ ಬಂತು, ಯಾರಿಗೆ ಯಾರು ಹುಟ್ಟಿದರು, ಎಲ್ಲ ಅವರ ಪುಸ್ತಕದಲ್ಲಿ ಇರುತ್ತಿತ್ತು. ಅಂಗಳದಲ್ಲಿ ಎತ್ತಿನ ಮೇಲೆ ಕೂತೇ ಅದನ್ನು ಒಂದೇ ಉಸುರಿಗೆ ರಾಗವಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿ, ಸತ್ತವರಿಗೆ ಗುರುತು ಹಾಕಿ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದರು. ಹೆಳವ ಬಂದ ಎಂದರೆ ಅಜ್ಜ ತೊಳೆದ ಧೋತರ ಉಟ್ಟು, ಎತ್ತಿನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದ. ತನ್ನ ಅಪ್ಪನ ಹೆಸರು, ಅದರ ಕೆಳಗೆ ತನ್ನ ಹೆಸರು ಬಂದಾಗ “ಇನ್ನೊಮ್ಮೆ ಹೇಳೋ” ಅನ್ನುತ್ತಿದ್ದ. ಹೆಳವನೂ ಬೇಸರವಿಲ್ಲದೆ ಇನ್ನೊಮ್ಮೆ ಹೇಳುತ್ತಿದ್ದ.

ಯುದ್ಧದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬೆಳೆದ ಜೋಳದಲ್ಲಿ ಸರ್ಕಾರಕ್ಕೆ ಲೆವಿ ಕೊಡಬೇಕಾಗಿತ್ತು. ಆದರೂ ನಮ್ಮ ಮನೆಯಲ್ಲಿ ಖುಷಿ ಇತ್ತು, ಯಾಕೆಂದರೆ ಅಕ್ಕನಿಗೆ ದೇವದುರ್ಗದ ಸಂಬಂಧ ಕೂಡಿ ಬಂದಿತ್ತು. ಅವರ ಮನೆಹೆಸರು ಹರಗೋಲದವರು. ಹಿಂದೆ ಗೂಗಲ್ಲು ಎಂಬ ಊರಿನಲ್ಲಿ ಕೃಷ್ಣೆಯ ದಂಡೆಗೆ ಹರಗೋಲು ಹೆಣೆದು ಜನರನ್ನು ದಾಟಿಸುತ್ತಿದ್ದವರು. ಈಗ ದೇವದುರ್ಗಕ್ಕೆ ಬಂದು ಬಂಡಿ ಹೂಡಿಕೊಂಡಿದ್ದರು. ಮನೆಹೆಸರು ಬೇರೆ, ಮನೆದೇವರು ಬೇರೆ, ಇನ್ನೇನು ನೋಡುವುದಿದೆ ಎಂದು ಹಿರಿಯರು ಸಕ್ಕರೆ ಹಂಚಿ, ಅಕ್ಕನಿಗೆ ಹಸಿರು ಸೀರೆ ಉಡಿಸಿ ಹೋದರು.

ಹುಡುಗ ಎತ್ತರದ ಆಳು, ಮಾತು ಕಡಿಮೆ. ನಿಶ್ಚಯವಾದ ಮೇಲೆ ಶೇಂಗಾ ಚೀಲದ ಬಂಡಿ ಹೊಡೆದುಕೊಂಡು ಎರಡು ಸಲ ಮಾನವಿಗೆ ಬಂದ. ದೇವದುರ್ಗದ ಶೇಂಗಾಕ್ಕೆ ಮಾನವಿಯಲ್ಲಿ ಏನು ಕೆಲಸ ಎಂದು ನಮ್ಮವ್ವ ಮೂಗಿನಲ್ಲೇ ನಕ್ಕಳು. ಅವನು ಅಂಗಳದಲ್ಲಿ ನಿಂತು “ನೀರು ಕೊಡ್ರಿ” ಅಂದರೆ ಅಕ್ಕ ಚೆಂಬು ತಂದು ಕೊಡುವಳು. ಕುಡಿದು, “ಇನ್ನೊಂದು ಚೆಂಬು” ಅನ್ನುವನು. ಎರಡನೆಯದನ್ನು ಅರ್ಧ ಕುಡಿದು ಅರ್ಧ ಎತ್ತಿಗೆ ಕುಡಿಸುವನು. ನಾನು ಬಾಗಿಲ ಸಂದಿಯಿಂದ ನೋಡಿ, “ಬಾಯಾರಿದ್ದು ಎತ್ತಿಗೋ ಮಾವಗೋ?” ಎಂದು ಕಾಡಿಸಿದರೆ ಅಕ್ಕ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು. ಅಷ್ಟು ಕೆಂಪಾದ ಮುಖವನ್ನು ಅವಳಲ್ಲಿ ಆಮೇಲೆ ನಾನು ನೋಡಲಿಲ್ಲ.

ಮದುವೆ ಇನ್ನೂ ಎರಡು ತಿಂಗಳಿದೆ ಅನ್ನುವಾಗ ಹೆಳವ ಬಂದ. ಎಂದಿನಂತೆ ಓದಿದ, ಅಜ್ಜ ಎಂದಿನಂತೆ ಎರಡು ಸಲ ಓದಿಸಿದ. ಅವ್ವ ಮೊರದಲ್ಲಿ ಜೋಳ ತಂದಳು. ಅಲ್ಲಿಗೆ ಮುಗಿಯಬೇಕಿತ್ತು. ನನಗೆ ಆಗ ಹತ್ತು ವರ್ಷ, ಬಾಯಿಗೆ ಬೀಗ ಇರಲಿಲ್ಲ. ಅಕ್ಕನ ಸಂಬಂಧ ಎಂಥದು ಎಂದು ಓಣಿಯ ಹುಡುಗಿಯರೆಲ್ಲ ಕೇಳಲಿ ಎಂಬ ಜಂಬ ಬೇರೆ. “ಯಪ್ಪಾ, ನಮ್ಮಕ್ಕನ ಗಂಡನ ಮನಿದೂ ಓದ್ರಿ! ದೇವದುರ್ಗದ ಹರಗೋಲದವರದು!” ಅಂದೆ.

ಹೆಳವ ಪುಸ್ತಕ ಕಟ್ಟುತ್ತಿದ್ದವನು ಕೈ ತಡೆದ. “ಯಾರ ಮನಿ ಅಂದಿ ತಂಗೀ?”

“ಹರಗೋಲದವರು ರೀ. ಗೂಗಲ್ಲಿಂದ ಬಂದವರು.”

ಅವನು ಎತ್ತಿನಿಂದ ಇಳಿದ. ಹೆಳವರು ಒಕ್ಕಲು ಮನೆಯ ಅಂಗಳದಲ್ಲಿ ಸುಮ್ಮನೆ ಇಳಿಯುವವರಲ್ಲ. ಅಪ್ಪ ಗಾಬರಿಯಾಗಿ, “ಯಾಕ್ರೀ, ಆ ಮನಿಯಾಗ ಏನರ ಐಬು ಅದ ಏನು?” ಎಂದು ಕೇಳಿದ.

“ಐಬು ಇಲ್ಲ ಯಜಮಾನರ. ನಿಮ್ಮ ಮನಿಯಾಗ ನನಗ ಎರಡು ಕವಲು ಓದಬ್ಯಾಡ ಅಂತ ಆಣಿ ಅದ. ನಿಮ್ಮ ಮುತ್ಯಾ ನಮ್ಮ ಮುತ್ಯಾಗ ಹಾಕಿದ ಆಣಿ. ಈಗ ಅದನ್ನ ಮುರೀಲಿಲ್ಲ ಅಂದ್ರ ಅದಕ್ಕಿಂತ ದೊಡ್ಡ ಪಾಪ ನನ್ನ ಪುಸ್ತಕಕ್ಕ ಬರ್ತದ.”

ಆಮೇಲೆ ಓದಿದ, ರಾಗ ಇಲ್ಲದೆ. ಗೂಗಲ್ಲಿನ ಹೊಳೆ ದಂಡೆಯಲ್ಲಿ ಹರಗೋಲದ ಮನೆ. ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಜಗಳವಾಗಿ ತಮ್ಮ ಮನೆ ಬಿಟ್ಟ, ಅಣ್ಣನ ಹೆಸರು ತನ್ನ ಮಕ್ಕಳ ಕಿವಿಗೆ ಬೀಳಬಾರದು ಎಂದು ಮಾನವಿಗೆ ಬಂದು ಹೆಸರು, ದೇವರು ಎರಡೂ ಬದಲಿಸಿದ. ಆ ತಮ್ಮನೇ ನಮ್ಮಜ್ಜನ ಅಪ್ಪ. ಅಣ್ಣನ ಮರಿಮಗನೇ ಅಕ್ಕನಿಗೆ ನಿಶ್ಚಯವಾದ ಹುಡುಗ. ಒಂದೇ ರಕ್ತ, ಒಂದೇ ಬೆಡಗು, ಎಂದರೆ ಒಂದೇ ಕುಲ. ಅವನು ಅಕ್ಕನಿಗೆ ಅಣ್ಣನಾಗಬೇಕು.

ಅವ್ವನ ಕೈಯಲ್ಲಿನ ಮೊರ ಜಾರಿ ಜೋಳ ಅಂಗಳದ ತುಂಬಾ ಚೆಲ್ಲಿತು. ಅಕ್ಕ ನಡುಮನೆಯ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಇಷ್ಟೆಲ್ಲದರ ನಡುವೆ ಅಜ್ಜ ಮಾತ್ರ ಎತ್ತಿನ ಬೆನ್ನು ಸವರುತ್ತ ಅಳುತ್ತಿದ್ದ. ದುಃಖಕ್ಕಲ್ಲ. “ನಮ್ಮಪ್ಪಗ ಅಣ್ಣ ಇದ್ದನೇನೋ? ನನಗ ದೊಡ್ಡಪ್ಪ ಇದ್ದನೇನೋ? ನನಗೂ ಮಂದಿ ಇದ್ದಾರೇನೋ?” ಎಂದು ಕೇಳುತ್ತಿದ್ದ. ಒಬ್ಬನೇ ಮಗನಾಗಿ ಬೆಳೆದು ಕುರುಡನಾದ ಮುದುಕನಿಗೆ ಆ ಹೊತ್ತಿನಲ್ಲಿ ಮೊಮ್ಮಗಳ ಮದುವೆ ನೆನಪಾಗಲಿಲ್ಲ.

ಅಜ್ಜಿ ಜೋಳದಲ್ಲಿ ಹರಳು ಆರಿಸುತ್ತ ಕೂತಿದ್ದಳು. ಥಟ್ಟನೆ ಎದ್ದು ನಿಂತಳು. ಬಾಯಿ ತೆರೆದಳು. ಅಜ್ಜನ ಮುಖ ನೋಡಿದಳು. ಮತ್ತೆ ಕೂತು ಹರಳು ಆರಿಸತೊಡಗಿದಳು. ನಾನು ಅದನ್ನು ಕಣ್ಣಾರೆ ಕಂಡೆ, ಆದರೆ ಏನೂ ತಿಳಿಯಲಿಲ್ಲ.

ಆ ದಿನ ಅವ್ವ ನನ್ನನ್ನು ಕಸಬರಿಗೆ ಮುರಿಯುವ ತನಕ ಹೊಡೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ನಾನು ಕಲಿತದ್ದು ಹಾಗೆ. ಬಿಡಿಸಿಕೊಂಡವಳು ಅಕ್ಕನೇ. ನನ್ನ ಬೆನ್ನಿಗೆ ಎಣ್ಣೆ ಸವರುತ್ತ, “ಮಕ್ಕಳು ಹುಟ್ಟಿದ ಮ್ಯಾಲ ಗೊತ್ತಾಗಿದ್ರ ಏನು ಗತಿ? ನೀ ಪುಣ್ಯದ ಕೆಲಸ ಮಾಡೀದಿ, ಅಳಬ್ಯಾಡ” ಅಂದಳು. ಅವಳು ಬೈದಿದ್ದರೆ ನನಗೆ ಈಗಿನಷ್ಟು ನೋವಾಗುತ್ತಿರಲಿಲ್ಲ.

ಎರಡೂ ಕಡೆಯ ಹಿರಿಯರು ಬೇವಿನ ಗಿಡದ ಕೆಳಗೆ ಕೂಡಿದರು. ಹಸಿರು ಸೀರೆ ತಿರುಗಿ ಕೊಟ್ಟದ್ದಾಯಿತು. ಅಷ್ಟಕ್ಕೆ ಬಿಡಬಹುದಿತ್ತು, ಬಿಡಲಿಲ್ಲ. ಗಂಡ ಹೆಂಡತಿ ಆಗಬೇಕು ಎಂದು ಒಮ್ಮೆ ಬಾಯಿಂದ ಬಂದದ್ದನ್ನು ಸುಮ್ಮನೆ ಬಿಟ್ಟರೆ ದೋಷವಂತೆ, ಎಲ್ಲರ ಎದುರು ಅಣ್ಣ ತಂಗಿ ಎಂದು ಸರಿಮಾಡಬೇಕಂತೆ. ಪಂಚಮಿ ಹಬ್ಬಕ್ಕೆ ಅಣ್ಣ ತಂಗಿಗೆ ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ಕೊಡುತ್ತಾನಲ್ಲ, ಹಾಗೆ ಅವನ ಕೈಯಿಂದ ಕೊಡಿಸಿದರು. ಪಂಚಮಿ ಇನ್ನೂ ನಾಲ್ಕು ತಿಂಗಳಿತ್ತು. ಒಬ್ಬ ಹಿರಿಯ ಅಕ್ಕನಿಗೆ, “ಅಣ್ಣಾ ಅನ್ನವಾ” ಅಂದ. ಅಕ್ಕ ಸೆರಗೊಡ್ಡಿ ನಿಂತೇ ಇದ್ದಳು. “ಅನ್ನವಾ, ಹೊತ್ತಾಯ್ತು” ಅಂದ ಇನ್ನೊಬ್ಬ. ಹೊತ್ತಾಯಿತಂತೆ! ಅವನ ನಾಲಿಗೆ ಸೇದಿ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ಕಡೆಗೆ ಆ ಹುಡುಗನೇ ತಲೆ ತಗ್ಗಿಸಿ, “ಅಂದುಬಿಡು” ಎಂದು ಮೆಲ್ಲಗೆ ಹೇಳಿದ. ಅವನು ಹೇಳಿದ ಮೇಲೆ ಅಕ್ಕ ಅಂದಳು.

ಅಣ್ಣನಿಗೇ ನಿಶ್ಚಯವಾಗಿದ್ದ ಹುಡುಗಿ ಎಂಬ ಮಾತು ಸುತ್ತ ಹತ್ತು ಹಳ್ಳಿಗೆ ಹಬ್ಬಿತು. ನಮ್ಮವರ ಒಳಗೆ ಯಾರೂ ಮುಂದೆ ಬರಲಿಲ್ಲ. ಅದೇ ವರ್ಷ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ, ಹೆಂಡತಿ ಸತ್ತು ಎರಡು ಮಕ್ಕಳಿದ್ದವನಿಗೆ ಕೊಟ್ಟರು. ಕೆಟ್ಟವನಲ್ಲ, ಸುಳ್ಳು ಯಾಕೆ ಹೇಳಲಿ. ದುಡಿದು ಬಂದು ಉಂಡು ಮಲಗುವ ಮನುಷ್ಯ. ಅಕ್ಕನಿಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ಕೋಟೆಯ ಹತ್ತಿರದ ಓಣಿಯಲ್ಲಿ ಒಂದು ಖೋಲಿ. ಅಕ್ಕ ಆ ಇಬ್ಬರು ಮಕ್ಕಳನ್ನು ಬೆಳೆಸಿದಳು, ತನಗೆ ಅಂತ ಹುಟ್ಟಲಿಲ್ಲ.

ಮುಂದಿನ ಪಂಚಮಿಗೆ ದೇವದುರ್ಗದವನು ರಾಯಚೂರಿಗೆ ಹೋಗಿ ಅಕ್ಕನ ಬಾಗಿಲಲ್ಲಿ ನಿಂತನಂತೆ. ಕೈಯಲ್ಲಿ ಒಂದು ಖಣ, ಒಂದು ಕೊಬ್ಬರಿ ಬಟ್ಟಲು. ಅಣ್ಣ ಅಂತ ಹಿರಿಯರು ಮಾಡಿದ್ದಾರಲ್ಲ, ಅಣ್ಣನ ಧರ್ಮ ತಪ್ಪಿಸಬಾರದು ಅಂದನಂತೆ. ಒಂದು ಚೆಂಬು ನೀರು ಕುಡಿದು ಹೋದನಂತೆ. ಅದರ ಮುಂದಿನ ವರ್ಷವೂ ಬಂದ. ಅವನಿಗೂ ಮದುವೆಯಾಯಿತು, ಆದರೂ ಬರುವುದು ತಪ್ಪಲಿಲ್ಲ. ಬೇರೆಯವರಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಮಾನವಂತ ಹುಡುಗ ಎಂದು ನಮ್ಮಪ್ಪ ಹೊಗಳುತ್ತಿದ್ದ.

ಆಮೇಲೆ ರಜಾಕಾರರ ಗದ್ದಲ ಬಂತು. ಹೆಳವ ಬರಬೇಕಾದ ವರ್ಷ ಬರಲಿಲ್ಲ. ಅಜ್ಜ ಪ್ರತಿ ಸುಗ್ಗಿಗೂ ಗಂಟೆಯ ಸಪ್ಪಳ ಕೇಳಿಸಿತೇನೋ ಎಂದು ಕಿವಿಗೊಟ್ಟು ಕೂತು, ಒಂದು ಚಳಿಗಾಲದಲ್ಲಿ ಸತ್ತ. ದೊಡ್ಡಪ್ಪ ಇದ್ದ, ಮಂದಿ ಇದ್ದಾರೆ ಎಂಬ ಸಮಾಧಾನದಲ್ಲೇ ಸತ್ತ. ನಿಜಾಮರ ಆಳ್ವಿಕೆ ಮುಗಿದು ದಾರಿಗಳು ತಣ್ಣಗಾದ ಮೇಲೆ ಹೆಳವ ಮತ್ತೆ ಬಂದ. ನನಗೆ ಆಗ ಹದಿನಾರು. ಮದುವೆಯಾಗಿ ಮಾನವಿಯಲ್ಲೇ ಎರಡು ಓಣಿ ಆಚೆ ಇದ್ದೆ. ತವರಿಗೆ ಬಂದಾಗ ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು, ಉಳಿದವರು ಹೊಲಕ್ಕೆ ಹೋಗಿದ್ದರು.

ಹೆಳವ ಅಜ್ಜನ ಹೆಸರಿಗೆ ಗುರುತು ಹಾಕಲು ಪುಸ್ತಕ ಬಿಚ್ಚಿದ. ಅಜ್ಜಿ, “ತಡಿಯಪ್ಪಾ. ಆ ಹೆಸರು ಅಲ್ಲಿ ಇರಬಾರದು” ಅಂದಳು.

ಅವಳು ಹೇಳಿದ್ದು ಇಷ್ಟು. ಅಜ್ಜ ತನ್ನ ಅಪ್ಪನಿಗೆ ಹುಟ್ಟಿದ ಮಗನಲ್ಲ. ದೊಡ್ಡ ಬರ ಬಿದ್ದಾಗ ಅಜ್ಜಿಯ ಅತ್ತೆಯ ತಂಗಿ, ತಂಗಿಯ ಗಂಡ ಇಬ್ಬರೂ ಹಸಿವೆಗೆ ಸತ್ತರು. ಮೊಲೆ ಕುಡಿಯುವ ಅವರ ಕೂಸನ್ನು ಅತ್ತೆ ಎತ್ತಿಕೊಂಡು ಬಂದು ತನ್ನದೇ ಎಂದು ಸಾಕಿದಳು. ದತ್ತಕದ ಶಾಸ್ತ್ರ ಆಗಲಿಲ್ಲ, ಹೆಳವನಿಗೂ ಹೇಳಲಿಲ್ಲ. ಸಾಯುವಾಗ ಸೊಸೆಯ ಕಿವಿಯಲ್ಲಿ ಹೇಳಿ ಸತ್ತಳು. ಅಜ್ಜನಿಗೆ ಕಡೆತನಕ ಗೊತ್ತಿರಲಿಲ್ಲ. ಎಂದರೆ ಹರಗೋಲದ ರಕ್ತ ನಮ್ಮ ಮನೆಯಲ್ಲಿ ಒಂದು ಹನಿಯೂ ಇಲ್ಲ. ದೇವದುರ್ಗದವನು ಅಕ್ಕನಿಗೆ ಅಣ್ಣನಾಗುತ್ತಿರಲಿಲ್ಲ.

ನನಗೆ ಮೈಯೆಲ್ಲ ಉರಿದು ಹೋಯಿತು. “ಅವತ್ತು ಯಾಕ್ ಬಾಯಿ ಮುಚ್ಚಿಕೊಂಡು ಕುಂತಿದ್ದಿ? ಆಕೀನ ಬಾಳು ಹಾಳು ಮಾಡಿ ಈಗ ಹೇಳ್ತೀಯೇನು? ನೀನು ಅಜ್ಜಿನೋ ಕಟುಕಿಯೋ?” ಎಂದು ಕೂಗಾಡಿದೆ. ಹಿರಿಯರಿಗೆ ಅನ್ನಬಾರದ್ದನ್ನೆಲ್ಲ ಅಂದೆ.

ಅಜ್ಜಿ ಅಳಲಿಲ್ಲ. “ಬಾಯಿತನಕ ಬಂದಿತ್ತವ್ವಾ. ಎದ್ದು ನಿಂತಿದ್ದೆ. ನನಗೂ ಮಂದಿ ಇದ್ದಾರೇನೋ ಅಂತ ಅವರು ಎತ್ತಿನ ಮೈ ಹಿಡಕೊಂಡು ಅಳಾಕತ್ತಿದ್ರು. ನೀನು ಯಾರ ಮಗನೂ ಅಲ್ಲ ಅಂತ ಆ ಕುರುಡನ ಮುಂದ ಹ್ಯಾಂಗ ಹೇಳಲಿ? ಆಕಿ ಹುಡುಗಿ, ಎಲ್ಲಿಯಾದರೂ ಬಾಳ್ತಾಳ ಅಂದ್ಕೊಂಡೆ” ಅಂದಳು. ಆಮೇಲೆ, “ತಪ್ಪು ತಿಳಕೊಂಡೆ” ಅಂದಳು.

ಹೆಳವ ಲೇಖಣಿ ಕೆಳಗಿಟ್ಟ. “ತಾಯಿ, ಇದನ್ನ ಬರದ್ರ ನಿಮ್ಮ ಮನಿ ಈ ಪುಸ್ತಕದಾಗ ಇರಂಗಿಲ್ಲ. ಅದಕ್ಕ ನಾ ಹೆದರಂಗಿಲ್ಲ. ಬರದು, ದೇವದುರ್ಗಕ್ಕ ಹೋಗಿ ಅಲ್ಲೂ ಓದಬೇಕಾಗ್ತದ. ಆದ್ರ ಯಾರ ಬಾಳು ಹೋತೋ ಆಕಿನ್ನ ಕೇಳಿ ಬರ್ರಿ. ಆಕಿ ಅಂದಂಗ ಮಾಡ್ತೀನಿ. ಬರೋ ಸಂತಿತನಕ ನಾ ಮಾನವಿಯಾಗ ಇರ್ತೀನಿ” ಅಂದ.

“ನನ್ನ ಕಾಲು ಆಕಿ ಹೊಸ್ತಿಲ ದಾಟಂಗಿಲ್ಲ. ನೀ ಹೋಗು” ಅಂದಳು ಅಜ್ಜಿ.

ಮರುದಿನ ಬಸ್ಸಿಗೆ ರಾಯಚೂರಿಗೆ ಹೋದೆ. ದಾರಿಯುದ್ದಕ್ಕೂ ನನಗೆ ಒಳಗೊಳಗೆ ಒಂದು ಥರ ಹುರುಪು ಇತ್ತು. ಹತ್ತು ವರ್ಷದವಳಿದ್ದಾಗ ನಾನು ಕೆಡಿಸಿದ್ದನ್ನು ಈಗ ನಾನೇ ಸರಿಮಾಡುತ್ತೇನೆ ಅಂದುಕೊಂಡಿದ್ದೆ. ಏನು ಸರಿಮಾಡುವುದು, ಹೇಗೆ, ಅದೇನೂ ಯೋಚಿಸಿರಲಿಲ್ಲ. ಹದಿನಾರಕ್ಕೆ ಬುದ್ಧಿ ಎಷ್ಟಿರುತ್ತದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳು ಬಡಿಯುವುದು ನಿಲ್ಲಿಸಲಿಲ್ಲ. ರೊಟ್ಟಿ ತೆಳ್ಳಗಾಗುತ್ತ ಆಗುತ್ತ ಹರಿದು ಹೋಯಿತು, ಆದರೂ ಬಡಿಯುತ್ತಲೇ ಇದ್ದಳು. ಆಮೇಲೆ ಕೈ ತೊಳೆದುಕೊಂಡು ಮೂಲೆಯ ಕಬ್ಬಿಣದ ಪೆಟ್ಟಿಗೆ ತೆರೆದಳು. ಅದರಲ್ಲಿ ಪಂಚಮಿಯ ಖಣಗಳಿದ್ದವು. ಒಂದನ್ನೂ ಹೊಲಿಸಿರಲಿಲ್ಲ, ಮಡಿಕೆ ಸಹ ಬಿಚ್ಚಿರಲಿಲ್ಲ. ನಡುವೆ ಬೇವಿನ ಎಲೆ ಒಣಗಿಸಿ ಇಟ್ಟಿದ್ದಳು, ನುಸಿ ಹಿಡಿಯಬಾರದು ಎಂದು.

“ಅವಗ ಗೊತ್ತದ ಏನು?” ಎಂದು ಕೇಳಿದಳು.

“ಇಲ್ಲ. ನೀ ಹೂಂ ಅಂದ್ರ ಹೆಳವ ಹೋಗಿ ಓದ್ತಾನ. ಎಲ್ಲರಿಗೂ ಖರೇ ಗೊತ್ತಾಗ್ಲಿ ಅಕ್ಕಾ. ಅವತ್ತು ಅಣ್ಣಾ ಅನ್ನಿಸಿದರಲ್ಲ, ಆ ಮುದುಕರ ಮುಖಕ್ಕ ಮಂಗಳಾರತಿ ಆಗ್ಲಿ.”

ಅಕ್ಕ ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೂತಳು. “ಖರೇ ಗೊತ್ತಾದ್ರ ನನಗ ಏನು ಬರ್ತದ? ಅವನ ಮನಿಯಾಗ ಹೆಂಡತಿ ಇದ್ದಾಳ, ನನ್ನ ಮನಿಯಾಗ ಇವರಿದ್ದಾರ. ಅಣ್ಣ ಅಂತ ವರ್ಷಕ್ಕ ಒಂದು ಸಲ ಈ ಬಾಗಿಲಿಗೆ ಬರ್ತಾನ, ಒಂದು ಚೆಂಬು ನೀರು ಕುಡೀತಾನ. ಅಣ್ಣ ಅಲ್ಲ ಅಂತ ಗೊತ್ತಾದ ಮ್ಯಾಲ ಯಾವ ಮುಖ ಇಟ್ಕೊಂಡು ಬರ್ತಾನ? ಇವರು ಯಾಕ್ ಬರಗೊಡ್ತಾರ?” ಅಂದಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, “ಬರೀಬ್ಯಾಡ ಅನ್ನು. ಅಜ್ಜನ ಹೆಸರು ಅಲ್ಲೇ ಇರಲಿ ಅನ್ನು. ಇದೊಂದನ್ನ ಕಸಗೋಬ್ಯಾಡ್ರಿ ನನ್ನಿಂದ” ಎಂದು ಅತ್ತಳು. ಮದುವೆ ಮುರಿದಾಗಲೂ ಅಳದವಳು ಅವತ್ತು ಅತ್ತಳು. ನಾನೂ ಅತ್ತೆ.

ಸಂತೆಯ ದಿನ ಹೆಳವನಿಗೆ ಹೇಳಿದೆ. ಅವನು ಏನೂ ಕೇಳದೆ ಅಜ್ಜನ ಹೆಸರಿನ ಮುಂದೆ ಗುರುತು ಹಾಕಿದ. ಅವನ ಪುಸ್ತಕದಲ್ಲಿ ನಾವು ಹರಗೋಲದವರಾಗಿಯೇ ಉಳಿದೆವು. ಅಪ್ಪನಿಗೂ ತಮ್ಮನಿಗೂ ಯಾರೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಅಜ್ಜಿಯೂ ಹೋದಳು.

ಹೆಳವ ಬಂದು ಹೋದ ಆ ವರ್ಷವೇ ಪಂಚಮಿಗೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಎದುರು ಮನೆಯ ಬಳೆಗಾರ್ತಿ ಬೀಬಿ ಹೊರಗಿನಿಂದ, “ಅಗೇ, ತೇರಾ ಭಾಯಿ ಆಯಾ ದೇಖ್!” ಎಂದು ಕೂಗಿದಳು. ನಿನ್ನ ಅಣ್ಣ ಬಂದ ನೋಡು ಎಂದು ಆ ಓಣಿಯಲ್ಲಿ ಪ್ರತಿ ವರ್ಷ ಮೊದಲು ಕೂಗುವವಳು ಅವಳೇ. ಅವನು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ, ಆ ವಯಸ್ಸಿಗೇ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅಕ್ಕ ಸೆರಗೊಡ್ಡಿ ಖಣ ಇಸಿದುಕೊಂಡಳು. ನಾನು ನೀರಿನ ಚೆಂಬು ತಂದು ಕೊಟ್ಟೆ.

ಅವನು ಕುಡಿದು, ಖಾಲಿ ಚೆಂಬು ಕೈಯಲ್ಲಿ ಹಿಡಿದುಕೊಂಡೇ ನಿಂತ. ಅಕ್ಕ ನನ್ನ ಕಡೆ ತಿರುಗಿ, “ಅಣ್ಣಗ ಇನ್ನೊಂದು ಚೆಂಬು ಕೊಡು” ಅಂದಳು.